ಹಕ್ಕಿಗಳ ಲೆಕ್ಕ ಬರೆದಿಟ್ಟ ಸಲೀಂ ಅಲಿ

ಸಲೀಂ ಅಲಿ ಎಂದರೆ ಹಕ್ಕಿಗಳ ವಿಜ್ಞಾನಿ ಎಂದು ಎಲ್ಲರಿಗೂ ಗೊತ್ತು. ಅವರು ಅಕೌಂಟೆನ್ಸಿ ಓದಿದ್ದರು ಎಂಬುದು ನಮ್ಮ ವಾಣಿಜ್ಯ ವಿಭಾಗದಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ. ಮುಂಬೈಯ ದಾವರ್ಸ್ ಕಾಮರ್ಸ್ ಕಾಲೇಜಿನಲ್ಲಿ ಅವರು ವಾಣಿಜ್ಯ ಕಾನೂನು ಮತ್ತು ಲೆಕ್ಕಶಾಸ್ತ್ರ ಕಲಿತರು. ಬೆಳಿಗ್ಗೆ ಅಲ್ಲಿ ಕ್ಲಾಸು ಮುಗಿಸಿ, ಆಮೇಲೆ ಸೇಂಟ್ ಝೇವಿಯರ್ಸ್ ಕಾಲೇಜಿಗೆ ಹೋಗಿ ಪ್ರಾಣಿಶಾಸ್ತ್ರದ ಪಾಠ ಕೇಳುತ್ತಿದ್ದರು. ಸೈನ್ಸ್‌ನವರು ಅವರನ್ನು ಪೂರ್ತಿ ತಮ್ಮವರೆಂದು ಹೇಳಿಕೊಳ್ಳುತ್ತಾರೆ. ಅರ್ಧ ಪಾಲು ನಮಗೂ ಸೇರಬೇಕು ಎಂಬುದು ನನ್ನ ವಾದ. ಅವರ ಜೀವನವನ್ನು ಓದುತ್ತಾ ಹೋದಂತೆ ಈ ವಾದ ಬರೀ ತಮಾಷೆಯಲ್ಲ ಎಂದು ನನಗೆ ಅನಿಸಿತು. ಅವರು ಮಾಡಿದ್ದು ಒಂದು ದೊಡ್ಡ ಲೆಕ್ಕದ ಕೆಲಸ. ಅಣೆಕಟ್ಟು, ಒಡ್ಡು, ಕಾಲುವೆ, ಪ್ರವಾಹ ತಡೆಯುವ ಗೋಡೆ ಕಟ್ಟುವವರಿಗೆ ಇವತ್ತಿಗೂ ಬೇಕಾಗುವ ಲೆಕ್ಕ ಅದು.

ಅವರ ಪೂರ್ತಿ ಹೆಸರು ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿ. ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯ ಸುಲೈಮಾನಿ ಬೋಹ್ರಾ ಮನೆತನದಲ್ಲಿ. ಮನೆಯ ಮಕ್ಕಳಲ್ಲಿ ಎಲ್ಲರಿಗಿಂತ ಕಿರಿಯರು. ಒಂದು ವರ್ಷದವರಿದ್ದಾಗ ತಂದೆ ತೀರಿಕೊಂಡರು, ಮೂರು ವರ್ಷಕ್ಕೆ ತಾಯಿಯೂ ಹೋದರು. ಅಣ್ಣ ಅಕ್ಕಂದಿರ ಜೊತೆ ಅವರನ್ನು ಸಾಕಿದ್ದು ಖೇತ್‌ವಾಡಿಯಲ್ಲಿದ್ದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಗಾಂಧೀಜಿಯವರ ಒಡನಾಡಿಯಾಗಿದ್ದ ಅಬ್ಬಾಸ್ ತ್ಯಾಬ್ಜಿ ಇದೇ ಬಂಧುಬಳಗದವರು.

ಸೋದರಮಾವನಿಗೆ ಶಿಕಾರಿಯ ಹುಚ್ಚು. ಹುಡುಗನ ಕೈಗೂ ಒಂದು ಏರ್‌ಗನ್ ಬಂತು. ಹತ್ತು ವರ್ಷದ ಆಸುಪಾಸಿನಲ್ಲಿ ಅವರು ಒಂದು ಗುಬ್ಬಿ ಹೊಡೆದರು. ಅದರ ಗಂಟಲಿನ ಮೇಲೆ ಹಳದಿ ಮಚ್ಚೆ ಇತ್ತು. ಮಾಮೂಲಿ ಗುಬ್ಬಿಗೆ ಅದು ಇರುವುದಿಲ್ಲ. ಇದನ್ನು ತಿನ್ನುವುದು ಹಲಾಲ್ ಹೌದೋ ಅಲ್ಲವೋ ಎಂಬ ಅನುಮಾನ ಹುಡುಗನಿಗೆ ಬಂತು. ಹಕ್ಕಿ ಹಿಡಿದುಕೊಂಡು ಮಾವನ ಹತ್ತಿರ ಹೋದರು. ಮಾವನಿಗೂ ಅದು ಯಾವ ಹಕ್ಕಿ ಎಂದು ಗೊತ್ತಾಗಲಿಲ್ಲ. ಒಂದು ಪರಿಚಯ ಪತ್ರ ಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರ ಬಳಿ ಕಳಿಸಿದರು. ಆ ಇಂಗ್ಲಿಷ್ ಸಾಹೇಬರು ಹುಡುಗನನ್ನು ಬೈದು ಕಳಿಸಲಿಲ್ಲ. ಅದು ಹಳದಿ ಗಂಟಲಿನ ಗುಬ್ಬಿ ಎಂದು ಹೇಳಿ, ಸೊಸೈಟಿಯಲ್ಲಿ ಹುಲ್ಲು ತುಂಬಿ ಇಟ್ಟಿದ್ದ ಹಕ್ಕಿಗಳ ಕಪಾಟುಗಳನ್ನು ಒಂದೊಂದಾಗಿ ತೆಗೆದು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಊಟದ ವಿಷಯದಲ್ಲಿ ಹುಟ್ಟಿದ ಒಂದು ಮಸಲಾ ದೇಶಕ್ಕೆ ಒಬ್ಬ ಪಕ್ಷಿತಜ್ಞನನ್ನು ಕೊಟ್ಟಿತು ಎಂದು ನಾನು ಮನೆಯಲ್ಲಿ ಹೇಳಿದಾಗ ನಮ್ಮ ದಾದಿ ಬಹಳ ಹೊತ್ತು ನಕ್ಕರು.

ಓದಿನಲ್ಲಿ ಅವರು ಮುಂದಿರಲಿಲ್ಲ. ವಿಪರೀತ ತಲೆನೋವು ಬರುತ್ತಿದ್ದುದರಿಂದ ಶಾಲೆ ತಪ್ಪುತ್ತಿತ್ತು. ಗಾಳಿ ಬದಲಾಗಲಿ ಎಂದು ಸಿಂಧ್ ಪ್ರಾಂತ್ಯದ ನೆಂಟರ ಮನೆಗೂ ಕಳಿಸಿದ್ದರು. 1913ರಲ್ಲಿ ಮೆಟ್ರಿಕ್ ಪರೀಕ್ಷೆಯನ್ನು ಹೇಗೋ ದಾಟಿದರು. ಕಾಲೇಜಿನ ಮೊದಲ ವರ್ಷವೇ ಕಷ್ಟವಾಗಿ ಓದು ಬಿಟ್ಟು, ಕುಟುಂಬದವರ ಟಂಗ್‌ಸ್ಟನ್ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಬರ್ಮಾದ ತವಾಯ್‌ಗೆ ಹೋದರು. ಅಲ್ಲಿ ವ್ಯಾಪಾರಕ್ಕಿಂತ ಕಾಡಿನ ಹಕ್ಕಿಗಳ ಮೇಲೆ ಗಮನ ಹೆಚ್ಚಿತ್ತು. 1917ರಲ್ಲಿ ಮುಂಬೈಗೆ ವಾಪಸಾದ ಮೇಲೆಯೇ ನಾನು ಮೊದಲು ಹೇಳಿದ ಕಾಮರ್ಸ್ ಓದು. ಝೇವಿಯರ್ಸ್‌ನ ಫಾದರ್ ಬ್ಲ್ಯಾಟರ್ ಒತ್ತಾಯ ಮಾಡಿದ್ದರಿಂದ ಪ್ರಾಣಿಶಾಸ್ತ್ರದ ಕೋರ್ಸನ್ನೂ ಮುಗಿಸಿದರು. 1918ರ ಡಿಸೆಂಬರಿನಲ್ಲಿ ತೆಹಮೀನಾ ಬೇಗಂ ಅವರ ಜೊತೆ ನಿಕಾಹ್ ಆಯಿತು.

ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ಝೂಲಾಜಿಕಲ್ ಸರ್ವೆಯಲ್ಲಿ ಪಕ್ಷಿತಜ್ಞನ ಹುದ್ದೆ ಸಿಗಲಿಲ್ಲ. 1926ರಲ್ಲಿ ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ, ನೋಡಲು ಬಂದವರಿಗೆ ವಿವರಣೆ ಕೊಡುವ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 350 ರೂಪಾಯಿ. ಎರಡು ವರ್ಷವಾದ ಮೇಲೆ ರಜೆ ಹಾಕಿ ಬರ್ಲಿನ್‌ಗೆ ಹೋಗಿ ಪ್ರೊಫೆಸರ್ ಎರ್ವಿನ್ ಸ್ಟ್ರೆಸೆಮನ್ ಬಳಿ ಕಲಿತರು. ಹಕ್ಕಿಯ ಚರ್ಮ ನೋಡಿ ಹೆಸರು ಹೇಳುವುದಷ್ಟೇ ವಿಜ್ಞಾನವಲ್ಲ, ಬದುಕಿರುವ ಹಕ್ಕಿ ಎಲ್ಲಿ ತಿನ್ನುತ್ತದೆ, ಯಾವಾಗ ಗೂಡು ಕಟ್ಟುತ್ತದೆ ಎಂದು ನೋಡಿ ಬರೆಯುವುದೂ ವಿಜ್ಞಾನ ಎಂಬುದನ್ನು ಅವರು ಸ್ಟ್ರೆಸೆಮನ್‌ರಿಂದ ಕಲಿತರು. 1930ರಲ್ಲಿ ಹಿಂದಿರುಗಿ ಬಂದರೆ ಕೆಲಸವೇ ಇಲ್ಲ. ಹಣವಿಲ್ಲವೆಂದು ಆ ಹುದ್ದೆಯನ್ನೇ ರದ್ದು ಮಾಡಿದ್ದರು.

ಮುಂಬೈಯ ಬಾಡಿಗೆ ಕಟ್ಟಲಾಗದೆ ದಂಪತಿ ಸಮುದ್ರದ ಆಚೆ ದಡದ ಕಿಹೀಂ ಎಂಬ ಹಳ್ಳಿಗೆ ಹೋದರು. ಮನೆಯ ಹತ್ತಿರದ ಮರದಲ್ಲಿ ಗೀಜಗಗಳು ಗೂಡು ನೇಯುತ್ತಿದ್ದವು. ಕೆಲಸವಿಲ್ಲದ ಆ ಮಳೆಗಾಲವನ್ನು ಸಲೀಂ ಅಲಿ ಗೀಜಗ ನೋಡುವುದರಲ್ಲೇ ಕಳೆದರು. ಗಂಡು ಹಕ್ಕಿ ಅರ್ಧ ಗೂಡು ಕಟ್ಟಿ ನಿಲ್ಲಿಸುತ್ತದೆ, ಹೆಣ್ಣು ಬಂದು ತಪಾಸಣೆ ಮಾಡುತ್ತದೆ, ಒಪ್ಪಿದರೆ ಮಾತ್ರ ಗೂಡು ಪೂರ್ತಿಯಾಗುತ್ತದೆ, ಆಮೇಲೆ ಗಂಡು ಮತ್ತೊಂದು ಗೂಡು ಶುರು ಮಾಡುತ್ತದೆ ಎಂದು ಅವರು ದಿನಾಂಕ ಸಮೇತ ಬರೆದಿಟ್ಟರು. ಅದುವರೆಗೆ ಯಾರೂ ಇದನ್ನು ಸರಿಯಾಗಿ ವಿವರಿಸಿರಲಿಲ್ಲ. ನಮ್ಮ ಮನೆಯ ಮಾತಿನಲ್ಲಿ ಈ ಹಕ್ಕಿಗೆ ಬಯಾ ಎನ್ನುತ್ತೇವೆ. ಇಂಗ್ಲಿಷಿನವರ ಪುಸ್ತಕದಲ್ಲೂ ಅದೇ ಹೆಸರು. ಕನ್ನಡದ ಗೀಜಗ ಎಂಬ ಮಾತನ್ನು ನಾನು ಶಾಲೆಯಲ್ಲಿ ಕಲಿತೆ, ಎರಡೂ ನನಗೆ ಇಷ್ಟ.

ಇಲ್ಲಿಂದ ಮುಂದೆ ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಶುರುವಾಗುತ್ತದೆ.

ಕೆಲಸವಿಲ್ಲದ ಸಲೀಂ ಅಲಿ ಸಂಸ್ಥಾನಗಳ ಮುಂದೆ ಒಂದು ಪ್ರಸ್ತಾಪ ಇಟ್ಟರು. ನಿಮ್ಮ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ, ನನಗೆ ಸಂಬಳ ಬೇಡ, ಓಡಾಟದ ಮತ್ತು ಬಿಡಾರದ ಖರ್ಚು ಕೊಟ್ಟರೆ ಸಾಕು ಎಂಬುದು ಅದರ ಸಾರ. 1931ರಲ್ಲಿ ಹೈದರಾಬಾದ್ ನಿಜಾಮರ ಸಂಸ್ಥಾನದಿಂದ ಆರಂಭವಾಯಿತು. 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ. ಆಮೇಲೆ ಮಧ್ಯ ಭಾರತದ ಸಂಸ್ಥಾನಗಳು, ಮೈಸೂರು, ಕಛ್, ಬರೋಡಾ. ಎತ್ತಿನ ಗಾಡಿ, ಡೇರೆ, ಬೈನಾಕ್ಯುಲರ್, ಬಂದೂಕು, ನೋಟ್‌ಬುಕ್. ತೆಹಮೀನಾ ಬೇಗಂ ಕೂಡ ಬಿಡಾರಗಳಿಗೆ ಹೋಗುತ್ತಿದ್ದರು. ವಿದೇಶದಲ್ಲಿ ಓದಿದ ಹೆಣ್ಣುಮಗಳು ಡೇರೆಯ ಜೀವನಕ್ಕೆ ಒಗ್ಗಿಕೊಂಡು ಗಂಡನ ಬರವಣಿಗೆಯನ್ನೂ ತಿದ್ದುತ್ತಿದ್ದರಂತೆ. ಬಂದೂಕು ಯಾಕೆ ಎಂದು ಕೆಲವರು ಕೇಳಬಹುದು. ಆಗಿನ ಕಾಲದಲ್ಲಿ ಹಕ್ಕಿಯ ಜಾತಿ ಖಚಿತ ಮಾಡಲು ಮಾದರಿ ಸಂಗ್ರಹಿಸಲೇಬೇಕಿತ್ತು. ಸಲೀಂ ಅಲಿ ಅದನ್ನು ಮುಚ್ಚಿಟ್ಟವರಲ್ಲ, ಅಗತ್ಯಕ್ಕಿಂತ ಹೆಚ್ಚು ಕೊಲ್ಲುವುದನ್ನು ಒಪ್ಪಿದವರೂ ಅಲ್ಲ.

ಅವರು ನೋಟ್‌ಬುಕ್‌ನಲ್ಲಿ ಬರೆದದ್ದು ಬರೀ ಹೆಸರುಗಳಲ್ಲ. ಯಾವ ದಿನ, ಯಾವ ಜಾಗ, ನೆಲ ಎಂಥದ್ದು, ಮರ ಯಾವುದು, ಹಕ್ಕಿ ಏನು ತಿನ್ನುತ್ತಿತ್ತು, ಗೂಡು ಇತ್ತೇ, ಮೊಟ್ಟೆ ಎಷ್ಟು. ಇದನ್ನು ಓದಿದಾಗ ನನಗೆ ನಮ್ಮ ಅಕೌಂಟೆನ್ಸಿ ಸರ್ ಮೊದಲ ವಾರದಲ್ಲಿ ಹೇಳಿಕೊಟ್ಟ ಆರಂಭಿಕ ದಾಸ್ತಾನು ನೆನಪಾಯಿತು. ವರ್ಷದ ಶುರುವಿಗೆ ಅಂಗಡಿಯಲ್ಲಿ ಎಷ್ಟು ಮಾಲು ಇತ್ತು ಎಂದು ಬರೆದಿಡದೆ ಹೋದರೆ, ವರ್ಷದ ಕೊನೆಗೆ ಲಾಭವೋ ನಷ್ಟವೋ ಹೇಳಲು ಸಾಧ್ಯವಿಲ್ಲ. ಒಂದು ನದಿಗೆ ಒಡ್ಡು ಕಟ್ಟುವ ಮೊದಲು ಆ ದಂಡೆಯಲ್ಲಿ ಎಷ್ಟು ಜಾತಿಯ ಹಕ್ಕಿ, ಎಷ್ಟು ಗೂಡು ಇದ್ದವು ಎಂದು ಯಾರೂ ಬರೆದಿಡದಿದ್ದರೆ, ಕಟ್ಟಿದ ಮೇಲೆ ಏನೂ ನಷ್ಟವಾಗಿಲ್ಲ ಎಂದು ಯಾರು ಬೇಕಾದರೂ ಹೇಳಬಹುದು. ಇಲ್ಲ ಎನ್ನಲು ನಮ್ಮ ಕೈಯಲ್ಲಿ ವಹಿ ಇರುವುದಿಲ್ಲ. ನಮ್ಮ ದೇಶದ ಆ ಮೊದಲ ವಹಿಯನ್ನು ಬಹುಮಟ್ಟಿಗೆ ಬರೆದವರು ಸಲೀಂ ಅಲಿ.

1939 ಅವರಿಗೆ ಕೆಟ್ಟ ವರ್ಷ. ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ತೆಹಮೀನಾ ಬೇಗಂ ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ಅಕ್ಕ ಕಮ್ಮೂ ಮತ್ತು ಭಾವನ ಮನೆಯಲ್ಲಿ ಉಳಿದರು. ಅದೇ ವರ್ಷದ ಕೊನೆಗೆ, ಇನ್ನೂ ಆ ದುಃಖದಲ್ಲಿದ್ದಾಗಲೇ, ಅವರು ಮೈಸೂರು ಸಂಸ್ಥಾನದ ಸಮೀಕ್ಷೆಗೆ ಬಂದರು.

ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ನದಿಯೊಳಗೆ ಕೆಲವು ಸಣ್ಣ ನಡುಗಡ್ಡೆಗಳಿವೆ. ನಡುಗಡ್ಡೆಗೆ ನಮ್ಮ ಕಡೆ ತಿಟ್ಟು ಎನ್ನುತ್ತಾರೆ. 1645ರಿಂದ 1648ರ ನಡುವೆ ಕಂಠೀರವ ನರಸರಾಜ ಒಡೆಯರು ನದಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ ಈ ತಿಟ್ಟುಗಳು ಉಂಟಾದವು. ಸುತ್ತ ನೀರು, ನೀರಿನಲ್ಲಿ ಮೊಸಳೆ. ಹಾಗಾಗಿ ನಾಯಿ ನರಿ ಬೆಕ್ಕು ದಾಟಿ ಹೋಗಲಾರವು. ಕೊಕ್ಕರೆ, ಬೆಳ್ಳಕ್ಕಿ, ಚಮಚದ ಕೊಕ್ಕಿನ ಹಕ್ಕಿ, ನೀರುಕಾಗೆಗಳು ಅಲ್ಲಿನ ಮರಗಳಲ್ಲಿ ನಿರ್ಭಯವಾಗಿ ಮರಿ ಮಾಡುತ್ತಿದ್ದವು. ಊರಿನವರಿಗೆ ಇದು ಹೊಸತೇನಲ್ಲ. ಆದರೆ ಇಷ್ಟು ಬಗೆಯ ನೀರುಹಕ್ಕಿಗಳು ಒಟ್ಟಿಗೆ ಗೂಡು ಕಟ್ಟುವ ಜಾಗ ಬಹಳ ಅಪರೂಪ ಎಂದು ಗುರುತಿಸಿ ಹೇಳಲು ಬೇರೆ ಹತ್ತಾರು ಜಾಗಗಳ ಲೆಕ್ಕ ತಿಳಿದವರು ಬೇಕಿತ್ತು. ಸಲೀಂ ಅಲಿ ಅದನ್ನು ಮೈಸೂರು ಅರಸರಿಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಗಮನಿಸಬೇಕಾದ ಮಾತು ಏನೆಂದರೆ, ರಂಗನತಿಟ್ಟು ಮನುಷ್ಯ ಕಟ್ಟಿದ ಒಡ್ಡಿನ ಫಲ. ನೀರಿಗೆ ಅಡ್ಡ ಕಟ್ಟಿದ್ದೆಲ್ಲ ಹಕ್ಕಿಗೆ ಶತ್ರು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಆದರೆ ಅದೇ ತಿಟ್ಟುಗಳಿಗೆ ಮೇಲಿನ ಕನ್ನಂಬಾಡಿ ಕಟ್ಟೆಯಿಂದ ಬರುವ ನೀರೇ ಗಂಡಾಂತರವೂ ಹೌದು. ಕಟ್ಟೆ ತುಂಬಿದಾಗ ಬಾಗಿಲು ತೆಗೆಯಲೇಬೇಕು, ಇಲ್ಲದಿದ್ದರೆ ಕಟ್ಟೆಗೇ ಅಪಾಯ. 2018 ಮತ್ತು 2019ರ ಮಳೆಗಾಲದಲ್ಲಿ ದೊಡ್ಡ ಪ್ರಮಾಣದಲ್ಲಿ ನೀರು ಬಿಟ್ಟಾಗ ತಿಟ್ಟುಗಳು ಮುಳುಗಿದವು, ದೋಣಿ ವಿಹಾರ ನಿಂತಿತು. ಅಂಥ ಒಂದು ಸಮಯದಲ್ಲಿ ನಮ್ಮ ಮನೆಯವರು ಅಲ್ಲಿಗೆ ಹೋಗಿ ಗೇಟಿನಿಂದಲೇ ವಾಪಸಾಗಿದ್ದೆವು. ಚಿಕ್ಕಪ್ಪನಿಗೆ ದೋಣಿ ತಪ್ಪಿತಲ್ಲ ಎಂಬ ಬೇಸರ. ನೀರು ಕೊಚ್ಚಿಕೊಂಡು ಹೋಗುವ ಮಣ್ಣಿನ ವಿಚಾರ ನಮಗೆ ಯಾರಿಗೂ ಹೊಳೆಯಲಿಲ್ಲ. ದಡ ಕೊರೆದುಹೋದ ತಿಟ್ಟುಗಳಿಗೆ ಅರಣ್ಯ ಇಲಾಖೆಯವರು ಆಮೇಲೆ ಮಣ್ಣು ಮರಳು ತುಂಬಿದ ಚೀಲಗಳನ್ನು ಜೋಡಿಸಿ ಬಲ ಕೊಡಬೇಕಾಯಿತು.

ಇಂಥ ಕಡೆ ಸಮೀಕ್ಷೆ ಎಂಜಿನಿಯರಿಗೆ ಏನು ಹೇಳಿಕೊಡುತ್ತದೆ? ರೀವ ಎಂಬ ಹಕ್ಕಿ ಮರದ ಮೇಲಲ್ಲ, ನದಿಯ ನಡುವಿನ ಬರಿಯ ಬಂಡೆಯ ಮೇಲೆ ಬೇಸಿಗೆಯಲ್ಲಿ ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ದಿಢೀರನೆ ಎರಡು ಅಡಿ ನೀರು ಏರಿದರೂ ಆ ವರ್ಷದ ಮರಿಗಳು ಇಲ್ಲ. ಕೊಕ್ಕರೆಯ ಗೂಡು ಎತ್ತರದಲ್ಲಿರುತ್ತದೆ, ಅದಕ್ಕೆ ಎರಡು ಅಡಿಯ ಭಯವಿಲ್ಲ, ಆದರೆ ಬೇರು ಸಡಿಲವಾಗಿ ಮರವೇ ಉರುಳಿದರೆ ಎಲ್ಲವೂ ಹೋಯಿತು. ಯಾವ ಹಕ್ಕಿ ಯಾವ ತಿಂಗಳಲ್ಲಿ ಎಷ್ಟು ಎತ್ತರದಲ್ಲಿ ಗೂಡು ಕಟ್ಟುತ್ತದೆ ಎಂಬ ಪಟ್ಟಿ ಇದ್ದರೆ, ದಡ ಕಟ್ಟುವ ಕೆಲಸವನ್ನು ಯಾವ ತಿಂಗಳಿಗೆ ಇಟ್ಟುಕೊಳ್ಳಬೇಕು, ನೀರನ್ನು ಒಮ್ಮೆಲೇ ಬಿಡುವ ಬದಲು ಹೇಗೆ ಹಂತ ಹಂತವಾಗಿ ಬಿಡಬಹುದು ಎಂದು ಲೆಕ್ಕ ಹಾಕಬಹುದು. ಜನರ ಪ್ರಾಣದ ಪ್ರಶ್ನೆ ಬಂದಾಗ ಹಕ್ಕಿಗಾಗಿ ಬಾಗಿಲು ಮುಚ್ಚಿಡಿ ಎಂದು ಯಾರೂ ಹೇಳುವುದಿಲ್ಲ. ಎರಡನ್ನೂ ಉಳಿಸುವ ದಾರಿ ಇದ್ದಾಗಲೂ ಅದು ಕಾಣದೆ ಹೋಗುವುದು ಪಟ್ಟಿ ಇಲ್ಲದಿದ್ದಾಗ.

1941ರಲ್ಲಿ ಅವರ ಪ್ರಸಿದ್ಧ ಪುಸ್ತಕ ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್ ಬಂತು. ಬಣ್ಣದ ಚಿತ್ರವಿದ್ದ ಆ ಪುಸ್ತಕದಿಂದ ಸಾಮಾನ್ಯ ಜನರೂ ಹಕ್ಕಿ ಗುರುತಿಸಲು ಕಲಿತರು. ಅಂದರೆ ಲೆಕ್ಕ ಬರೆಯುವವರ ಸಂಖ್ಯೆ ಹೆಚ್ಚಿತು.

ಮೋಟಾರ್‌ಸೈಕಲ್ ವಿಷಯ ಹೇಳದೆ ಮುಂದೆ ಹೋದರೆ ನನ್ನ ಕ್ಲಾಸಿನವರು ಕ್ಷಮಿಸುವುದಿಲ್ಲ. ಬರ್ಮಾದಲ್ಲಿದ್ದಾಗಲೇ ಶುರುವಾದ ಹುಚ್ಚು ಅದು. ಹಾರ್ಲೆ ಡೇವಿಡ್‌ಸನ್ ಸೇರಿ ಹಲವು ಬೈಕುಗಳನ್ನು ಇಟ್ಟುಕೊಂಡಿದ್ದರು. 1950ರಲ್ಲಿ ಸ್ವೀಡನ್‌ನ ಉಪ್ಸಾಲದಲ್ಲಿ ಅಂತರರಾಷ್ಟ್ರೀಯ ಪಕ್ಷಿವಿಜ್ಞಾನ ಸಮ್ಮೇಳನ ನಡೆದಾಗ ತಮ್ಮ ಸನ್‌ಬೀಮ್ ಬೈಕನ್ನು ಮುಂಬೈಯಿಂದ ಹಡಗಿಗೆ ಹಾಕಿಸಿ, ಯುರೋಪಿನಲ್ಲಿ ಅದರ ಮೇಲೆಯೇ ಸುತ್ತಿದರು. ಆಗ ಅವರಿಗೆ 53 ವರ್ಷ.

ಸ್ವಾತಂತ್ರ್ಯ ಬಂದ ಮೇಲೆ ಅವರ ಮುಂದೆ ಬಂದ ದೊಡ್ಡ ಪ್ರಕರಣ ರಾಜಸ್ಥಾನದ ಭರತ್‌ಪುರ. ಇದೂ ಒಡ್ಡಿನ ಕಥೆಯೇ. ಗಂಭೀರ್ ಮತ್ತು ಬಾಣಗಂಗಾ ನದಿಗಳ ಮಳೆಗಾಲದ ನೀರನ್ನು ತಡೆಯಲು 18ನೇ ಶತಮಾನದಲ್ಲಿ ಮಹಾರಾಜ ಸೂರಜ್‌ಮಲ್ ಅಜಾನ್ ಬಂದ್ ಎಂಬ ಒಡ್ಡು ಕಟ್ಟಿಸಿದರು. ಊರಿನ ಪಕ್ಕದ ತಗ್ಗು ಪ್ರದೇಶಕ್ಕೆ ಅಲ್ಲಿಂದ ನೀರು ಹರಿಸಿದಾಗ ಅದು ಹಕ್ಕಿಗಳ ಸರೋವರವಾಯಿತು. ಒಳಗಿರುವ ಶಿವನ ಗುಡಿಯಿಂದ ಕೇವಲಾದೇವ್ ಎಂಬ ಹೆಸರು ಬಂತು. ಅರಸರು ಅದನ್ನು ಬಾತುಕೋಳಿ ಬೇಟೆಗೆ ಬಳಸಿದರು. 1938ರಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ಬೇಟೆಯಲ್ಲಿ 4,273 ಹಕ್ಕಿಗಳು ಸತ್ತವು. ಆ ಅಂಕಿಯನ್ನು ಅವರು ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಅದೂ ಒಂದು ಲೆಕ್ಕವೇ, ಖರ್ಚಿನ ಕಡೆಯದ್ದು.

ರಾಜರ ಕಾಲ ಮುಗಿದ ಮೇಲೆ ಆ ಸರೋವರವನ್ನು ಬತ್ತಿಸಿ ಹೊಲ ಮಾಡಬೇಕು, ನೀರನ್ನು ಬೇಸಾಯಕ್ಕೆ ಕೊಡಬೇಕು ಎಂಬ ಒತ್ತಾಯ ಜೋರಾಯಿತು. ರೈತರ ಬೇಡಿಕೆ ಅನ್ಯಾಯದ್ದೇನಲ್ಲ, ಆಗ ದೇಶದಲ್ಲಿ ಅನ್ನದ ಕೊರತೆ ಇತ್ತು. ಸಲೀಂ ಅಲಿ ಪ್ರಧಾನಿ ನೆಹರೂ ಅವರವರೆಗೆ ವಿಷಯ ಮುಟ್ಟಿಸಿದರು. ಮಧ್ಯ ಏಷ್ಯಾ, ಸೈಬೀರಿಯಾಗಳಿಂದ ಬರುವ ಬಾತುಗಳು ಮತ್ತು ಕೊಕ್ಕರೆಗಳಿಗೆ ಆ ಜಾಗ ಎಷ್ಟು ಮುಖ್ಯ ಎಂದು ಹೇಳಲು ಅವರ ಬಳಿ ವರ್ಷಗಟ್ಟಲೆಯ ಟಿಪ್ಪಣಿ ಇತ್ತು. ಸರೋವರ ಉಳಿಯಿತು. 1982ರಲ್ಲಿ ರಾಷ್ಟ್ರೀಯ ಉದ್ಯಾನ, 1985ರಲ್ಲಿ ವಿಶ್ವ ಪರಂಪರೆಯ ತಾಣ.

ಆದರೆ ಕಥೆ ಅಷ್ಟು ಸಲೀಸಾಗಿಲ್ಲ. ಉದ್ಯಾನವಾದ ಕೂಡಲೇ ಒಳಗೆ ದನ ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು. ಅವುಗಳನ್ನು ಹೊರಗಿಡಬೇಕು ಎಂಬ ಅಭಿಪ್ರಾಯದವರಲ್ಲಿ ಸಲೀಂ ಅಲಿಯವರೂ ಇದ್ದರು. ಹಳ್ಳಿಯವರು ಪ್ರತಿಭಟಿಸಿದರು, ಪೊಲೀಸರ ಗೋಲಿಬಾರಿನಲ್ಲಿ ಜನ ಸತ್ತರು. ಸೊಸೈಟಿ 1980ರಲ್ಲೇ ಅಲ್ಲಿ ಹತ್ತು ವರ್ಷಗಳ ಅಧ್ಯಯನ ಆರಂಭಿಸಿತ್ತು. ಅದನ್ನು ನಡೆಸಿದವರು ವಿಜಯನ್ ಎಂಬ ವಿಜ್ಞಾನಿ ಮತ್ತು ಅವರ ತಂಡ. ಅಧ್ಯಯನ ಮುಗಿದಾಗ ಬಂದ ಉತ್ತರ ಬೇರೆಯೇ ಆಗಿತ್ತು. ಎಮ್ಮೆಗಳು ಹೋದ ಮೇಲೆ ಒಂದು ಜಾತಿಯ ಹುಲ್ಲು ವಿಪರೀತ ಬೆಳೆದು ನೀರನ್ನೇ ಮುಚ್ಚಿಬಿಟ್ಟಿತ್ತು, ಮೀನಿಗೂ ಹಕ್ಕಿಗೂ ಜಾಗ ಕಡಿಮೆಯಾಗಿತ್ತು. ಎಮ್ಮೆ ಮೇಯುತ್ತಿದ್ದುದು ಸರೋವರಕ್ಕೆ ಒಳ್ಳೆಯದೇ ಮಾಡುತ್ತಿತ್ತು. ಈ ವರದಿ ಬಂದಾಗ ಸಲೀಂ ಅಲಿ ಬದುಕಿರಲಿಲ್ಲ. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಬೇರೆ. ಅವರು ಕಟ್ಟಿ ಬೆಳೆಸಿದ ಸಂಸ್ಥೆಯೇ ಅವರ ಅಭಿಪ್ರಾಯಕ್ಕೆ ವಿರುದ್ಧವಾದ ಲೆಕ್ಕವನ್ನು ಮುಚ್ಚಿಡದೆ ಪ್ರಕಟಿಸಿತು. ಮಾಲೀಕರ ಮುಖ ನೋಡಿ ತಾಳೆಪಟ್ಟಿ ಬದಲಾಯಿಸಲಿಲ್ಲ. ಆದರೆ ಲೆಕ್ಕ ಮೊದಲು ಆಗಿ ನಿಷೇಧ ಆಮೇಲೆ ಬಂದಿದ್ದರೆ ಆ ಹಳ್ಳಿಯವರು ಬದುಕಿರುತ್ತಿದ್ದರು ಎಂಬುದೂ ನಿಜ.

ಭರತ್‌ಪುರಕ್ಕೆ ಆಮೇಲೆ ಇನ್ನೊಂದು ಕಷ್ಟ ಬಂತು. ಗಂಭೀರ್ ನದಿಗೆ ಮೇಲುಗಡೆ ಪಾಂಚನಾ ಅಣೆಕಟ್ಟು ಕಟ್ಟಿದ್ದರಿಂದ ಅಜಾನ್ ಬಂದ್‌ಗೆ ನೀರು ಬರುವುದು ಬಹಳ ಕಡಿಮೆಯಾಯಿತು. ಕೊನೆಗೆ ಗೋವರ್ಧನ್ ಡ್ರೈನ್ ಎಂಬ ಪ್ರವಾಹದ ನೀರು ಸಾಗಿಸುವ ಕಾಲುವೆಯಿಂದ ಪೈಪ್ ಹಾಕಿ ಉದ್ಯಾನಕ್ಕೆ ನೀರು ತಂದರು. ಒಂದು ಕಡೆ ಊರು ಮುಳುಗಿಸುವ ನೀರು ಇನ್ನೊಂದು ಕಡೆ ಹಕ್ಕಿಗಳ ಕೆರೆ ತುಂಬಿಸುತ್ತದೆ. ಹಕ್ಕಿಗಳ ಸಂಖ್ಯೆ ಇಳಿದದ್ದು ಅಂಕಿಗಳಲ್ಲಿ ಕಾಣದೆ ಹೋಗಿದ್ದರೆ ಇಷ್ಟು ದೊಡ್ಡ ಖರ್ಚಿಗೆ ಯಾರೂ ಒಪ್ಪುತ್ತಿರಲಿಲ್ಲ.

ಬೇರೆ ದೇಶಗಳಲ್ಲಿ ಈ ಲೆಕ್ಕಕ್ಕೆ ಕಾನೂನಿನ ಬಲ ಸಿಕ್ಕಿದೆ. ಇಂಗ್ಲೆಂಡಿನಲ್ಲಿ ಬಂದರು ವಿಸ್ತರಣೆಗಾಗಿ ಹಕ್ಕಿಗಳು ಮೇಯುವ ಕೆಸರಿನ ದಂಡೆಗಳನ್ನು 1990ರ ದಶಕದಲ್ಲಿ ಮುಚ್ಚಿಬಿಟ್ಟಿದ್ದರು. ವಿಷಯ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. ಕಳೆದುಹೋದದ್ದಕ್ಕೆ ಬದಲಿ ಜಾಗ ಕೊಡಬೇಕಾಗಿ ಬಂದು, 2006ರಲ್ಲಿ ಎಸೆಕ್ಸ್ ಜಿಲ್ಲೆಯ ವಾಲೇಸಿ ದ್ವೀಪದ ಹಳೆಯ ಸಮುದ್ರದ ಗೋಡೆಯನ್ನು ಸರ್ಕಾರವೇ ಒಡೆಯಿತು. ಉಬ್ಬರದ ನೀರು ಒಳಗೆ ಬಂದು ಉಪ್ಪು ಜೌಗು ಬೆಳೆಯಿತು. ಆ ಜೌಗು ಅಲೆಗಳ ಹೊಡೆತವನ್ನು ತಾನೇ ತಗ್ಗಿಸುವುದರಿಂದ ಹಿಂದೆ ಕಟ್ಟಿದ ಹೊಸ ಗೋಡೆಗೂ ರಕ್ಷಣೆ. ಗೋಡೆ ಒಡೆದು ಪ್ರವಾಹ ತಡೆಯುವುದು ಎಂದರೆ ಮೊದಲು ನನಗೆ ನಂಬಿಕೆ ಬರಲಿಲ್ಲ. ಎಷ್ಟು ಜಾಗ ಬದಲಿ ಕೊಡಬೇಕು ಎಂದು ಹೇಳಲು ಮೊದಲು ಅಲ್ಲಿ ಚಳಿಗಾಲದಲ್ಲಿ ಎಷ್ಟು ಹಕ್ಕಿ ಇರುತ್ತಿದ್ದವು ಎಂಬ ಎಣಿಕೆ ಬೇಕಾಗುತ್ತದೆ. ಮತ್ತೆ ಅದೇ ಆರಂಭಿಕ ದಾಸ್ತಾನು.

ಕರ್ನಾಟಕಕ್ಕೆ ಸಲೀಂ ಅಲಿಯವರ ಇನ್ನೊಂದು ಸಂಬಂಧ ಮಂಗನ ಕಾಯಿಲೆಯಿಂದ ಬಂತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೂ ಜ್ವರ ಬಂತು. ಆ ವೈರಸ್ ರಷ್ಯಾದ ಒಂದು ವೈರಸ್ಸನ್ನು ಹೋಲುತ್ತಿತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳ ಮೂಲಕ ಅದು ಬಂದಿರಬಹುದೇ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ 1959ರಲ್ಲಿ ಹಕ್ಕಿಗಳ ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡುವ ದೊಡ್ಡ ಕೆಲಸ ಆರಂಭಿಸಿದರು. ಹಕ್ಕಿಗಳೇ ಕಾಯಿಲೆ ತಂದವು ಎಂದು ಸಾಬೀತಾಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಹೊರಟು ನಮ್ಮ ಯಾವ ಕೆರೆಗೆ ಬರುತ್ತದೆ ಎಂಬುದು ಉಂಗುರಗಳಿಂದ ತಿಳಿಯತೊಡಗಿತು. ನಮ್ಮೂರಿನ ಒಂದು ಕೆರೆ ಮುಚ್ಚಿದರೆ ಅದು ನಮ್ಮೂರಿನ ವಿಷಯ ಮಾತ್ರವಲ್ಲ ಎನ್ನುವುದಕ್ಕೆ ಅದು ಸಾಕ್ಷಿ.

ಅಮೆರಿಕದ ಡಿಲ್ಲನ್ ರಿಪ್ಲಿ ಜೊತೆ ಸೇರಿ ಬರೆದ, ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಕೈಪಿಡಿ ಹತ್ತು ಸಂಪುಟಗಳಷ್ಟಾಯಿತು. ಕೊನೆಯದು ಬಂದಾಗ 1974, ಅವರಿಗೆ 78ರ ಹತ್ತಿರ. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ. ಅದೇ 1976ರಲ್ಲಿ ಪಾಲ್ ಗೆಟ್ಟಿ ಪ್ರಶಸ್ತಿಯ 50,000 ಡಾಲರ್ ಬಂದಾಗ ಸೊಸೈಟಿಯಲ್ಲಿ ಪ್ರಕೃತಿ ರಕ್ಷಣೆಯ ನಿಧಿಗೆ ಕೊಟ್ಟರು. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಜಲವಿದ್ಯುತ್ ಅಣೆಕಟ್ಟು ಬೇಡವೆಂದು ವಾದಿಸಿದವರಲ್ಲಿ ಅವರ ದನಿ ದೊಡ್ಡದು. ಯೋಜನೆ 1983ರಲ್ಲಿ ಕೈಬಿಟ್ಟುಹೋಯಿತು. 1985ರಲ್ಲಿ ರಾಜ್ಯಸಭೆಗೆ ನಾಮಕರಣವಾದರು, ಆತ್ಮಕಥೆಯೂ ಅದೇ ವರ್ಷ ಬಂತು. ಅದರ ಹೆಸರಿನಲ್ಲೂ ಆ ಹಳೆಯ ಗುಬ್ಬಿ ಇದೆ.

1987ರಲ್ಲಿ, 90ನೇ ವಯಸ್ಸಿನಲ್ಲಿ, ಮುಂಬೈಯಲ್ಲಿ ಅವರು ತೀರಿಕೊಂಡರು. ಏಷ್ಯಾದ ನೀರುಹಕ್ಕಿಗಳ ಗಣತಿ ಶುರುವಾದದ್ದೂ ಅದೇ ವರ್ಷ. ಪ್ರತಿ ಜನವರಿಯಲ್ಲಿ ಸ್ವಯಂಸೇವಕರು ಕೆರೆ ಕಟ್ಟೆಗಳ ದಂಡೆಯಲ್ಲಿ ನಿಂತು ಎಣಿಸಿ ಬರೆಯುತ್ತಾರೆ. ಅದಕ್ಕೆ ಸೈನ್ಸ್ ಓದಿರಬೇಕೆಂದಿಲ್ಲ.

ಅವರು ಹೋಗುವ ಮುಂಚಿನ ವರ್ಷ ಒಂದು ಘಟನೆ ನಡೆಯಿತು. ಜೆರ್ಡನ್ಸ್ ಕೋರ್ಸರ್ ಎಂಬ, ರಾತ್ರಿ ಓಡಾಡುವ ನೆಲದ ಹಕ್ಕಿಯನ್ನು 1900ರಿಂದ ಈಚೆಗೆ ಯಾರೂ ನೋಡಿರಲಿಲ್ಲ, ನಿರ್ನಾಮವಾಯಿತೆಂದೇ ತಿಳಿದಿದ್ದರು. ಸೊಸೈಟಿಯ ಸಮೀಕ್ಷೆಯವರು 1986ರ ಜನವರಿಯಲ್ಲಿ ಆಂಧ್ರದ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ ಅದನ್ನು ಮತ್ತೆ ಕಂಡರು. ಸುಮಾರು ಇಪ್ಪತ್ತು ವರ್ಷಗಳ ಮೇಲೆ ತೆಲುಗು ಗಂಗಾ ಯೋಜನೆಯ ಕಾಲುವೆ ಅಗೆಯುತ್ತಾ ಯಂತ್ರಗಳು ಅದೇ ಕಾಡಿನ ಹತ್ತಿರ ಬಂದವು. ಹಕ್ಕಿ ಎಲ್ಲಿದೆ ಎಂಬುದು ಅಷ್ಟರಲ್ಲಿ ನಕಾಶೆಯ ಮೇಲೆ ಗುರುತಾಗಿತ್ತು. ಕಾಲುವೆಯ ದಾರಿಯನ್ನು ಬದಲಾಯಿಸಿದರು.